ಹೊಲದೊಳಗಿನ ಮೊಳೆಗಳು

ಪಂಕ್ಚರ್ ಆದ ಟಯರಿನ ಮುಂದೆ ನಿಂತ ಮನುಷ್ಯ ಮೊದಲು ಟಯರನ್ನು ನೋಡುವುದಿಲ್ಲ, ಸುತ್ತಮುತ್ತ ಯಾರಿದ್ದಾರೆ ಎಂದು ನೋಡುತ್ತಾನೆ. ರಾಗಿ ಬಿತ್ತನೆಗೆ ಭೂಮಿ ಹದವಾಗಿದ್ದ ಹೊತ್ತಿನಲ್ಲೇ ನಮ್ಮ ಟ್ರ್ಯಾಕ್ಟರ್ ಮತ್ತೆ ಮತ್ತೆ ಕುಂಟತೊಡಗಿತು. ಪ್ರತಿ ಸಲವೂ ಟಯರಿನಿಂದ ಒಂದು ಮೊಳೆ ಹೊರಬರುತ್ತಿತ್ತು. ಮೊಳೆ ಹೊಲದಲ್ಲಿ ಬೆಳೆಯುವುದಿಲ್ಲವಲ್ಲ! ನಾನೂ ಅಣ್ಣನೂ ತಲೆಯೆತ್ತಿ ನೋಡಿದೆವು. ಬದುವಿನ ಆಚೆ, ತನ್ನ ಹೊಲದಲ್ಲಿ, ಮುನಿರಾಜು ನಿಂತಿದ್ದ.

ಬದುವಿನ ಹೊಂಗೆಮರದ ಕೊಂಬೆ ಕಡಿದೆವೆಂದು ಅವನು ಒಮ್ಮೆ ಗೊಣಗಿದ್ದ. ಅನುಮಾನಕ್ಕೆ ಅಷ್ಟು ಸಾಕು. ಹಿಂದೆ ಶತ್ರುಗಳ ಕುದುರೆ ಕುಂಟಲೆಂದು ಕೋಟೆಯ ದಾರಿಯಲ್ಲಿ ಕಬ್ಬಿಣದ ಮುಳ್ಳು ಹರಡುತ್ತಿದ್ದರಂತೆ. ನಮ್ಮ ಮಾಕಳಿದುರ್ಗದಲ್ಲೂ ಹಾಗೆ ಮಾಡಿರಬಹುದು ಎಂದು ನಾನು ಪಾಂಡಿತ್ಯ ತೋರಿಸಿ ಉರಿಯುವ ಬೆಂಕಿಗೆ ತುಪ್ಪ ಸುರಿದೆ.

“ನಾಳೆ ಸಂಜೆ ಅರಳಿಕಟ್ಟೆಗೆ ಕರೀತೀನಿ. ಹತ್ತು ಜನರ ಮುಂದೆ ಅವನ ಮಾನ ತೆಗೀತೀನಿ” ಎಂದ ಅಣ್ಣ. ಕಟ್ಟೆಯ ಮೇಲೆ ಒಮ್ಮೆ ಮಾನ ಹೋದರೆ ಎರಡು ಮನೆಗಳ ನಡುವೆ ಮತ್ತೆ ಒಂದು ಲೋಟ ನೀರೂ ಓಡಾಡುವುದಿಲ್ಲ. ಅಂದೇ ಮುನಿರಾಜುವಿಗೆ ಹೇಳಿಯೂ ಕಳಿಸಿದ.

ಹಂಡೆಯೊಲೆಯ ಬೂದಿಯನ್ನು ತಿಪ್ಪೆಗೆ ಸುರಿಯುವುದು ನನ್ನ ಕೆಲಸ, ಏಕೆಂದರೆ ಮನೆಯಲ್ಲಿ ಬಿಸಿನೀರು ಹೆಚ್ಚು ಸುರಿದುಕೊಳ್ಳುವವನೂ ನಾನೇ. ಮರುದಿನ ಬೆಳಗ್ಗೆ ಬೂದಿ ತುಂಬಿದ ಮಂಕರಿಯ ತಳ ಕಿತ್ತುಹೋಯಿತು. ಬೂದಿ ಗಾಳಿಗೆ ಹಾರಿತು. ಕಾಲ ಬಳಿ ಉಳಿದದ್ದು ಕರ್ರಗಿನ ಮೊಳೆಗಳ ರಾಶಿ!

ಅಲ್ಲೇ ಕುಳಿತು ಒಂದೊಂದಾಗಿ ಆರಿಸಿದೆ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳು ಮಾರುವ ಪ್ಯಾಕಿಂಗ್ ಹಲಗೆ ಅಗ್ಗವೆಂದು ಒಲೆಗೆ ತುಂಬುತ್ತಿದ್ದೆವು. ಹಲಗೆ ಉರಿಯುತ್ತಿತ್ತು, ಮೊಳೆ ಬೂದಿಯ ಜೊತೆ ತಿಪ್ಪೆ ಸೇರುತ್ತಿತ್ತು, ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತಿತ್ತು. ರಾಗಿಗಿಂತ ಮೊದಲು ನಾವು ಮೊಳೆ ಬಿತ್ತಿದ್ದೆವು. ಮೊಳೆಗಳನ್ನು ಬೊಗಸೆಯಲ್ಲಿ ತಂದು ಅಣ್ಣನ ಮುಂದೆ ಸುರಿದೆ.

ಸಂಜೆ ಮುನಿರಾಜುವನ್ನು ಕಟ್ಟೆಯ ಬದಲು ಮನೆಗೇ ಕರೆದು, ಕಾಫಿ ಕೊಟ್ಟು, ಅಣ್ಣ ತಡವರಿಸುತ್ತ ಎಲ್ಲ ಹೇಳಿದ. ಮುನಿರಾಜು ಲೋಟ ಕೆಳಗಿಟ್ಟ.

“ಹಂಗಾ ಅಣ್ಣ? ನೀವು ಕೊಟ್ಟ ಗೊಬ್ಬರ ಹಾಕಿದ್ಮೇಲೆ ನನ್ ಟಿಲ್ಲರ್ ಟಯರೂ ಹಿಂಗೇ ಹೋಗ್ತಿತ್ತು. ಮೊಳೆ ನಿಮ್ದೇ ಅಂತ ನಂಗೂ ಅನ್ಸಿತ್ತು.”

“ಮತ್ತೆ ಯಾಕೋ ಕೇಳ್ಲಿಲ್ಲ?”

“ಹೆಂಗ್ ಕೇಳ್ಲಿ? ದಿನಾ ಬೆಳಗಾದ್ರೆ ನಿಮ್ ಮುಖನೇ ತಾನೇ ನೋಡ್ಬೇಕು!”

ಅವನ ಅನುಮಾನ ನಿಜವಾಗಿತ್ತು, ನಮ್ಮದು ಸುಳ್ಳಾಗಿತ್ತು. ಕಟ್ಟೆ ಹತ್ತಲು ಹೊರಟವರು ಮಾತ್ರ ನಾವು.