ಯಂತ್ರ ಮನೆಯಲ್ಲಿದ್ದ ದಿನ

ಪಕ್ಕದ ಮನೆಯ ಮಿಕ್ಸಿ ಶುರುವಾದ ಕೂಡಲೇ ನಾನು ಬರೆಯುವುದನ್ನು ನಿಲ್ಲಿಸಿ ಕಿಟಕಿ ಮುಚ್ಚುತ್ತೇನೆ. ಚಂದ್ರಾ ಲೇಔಟಿನ ನಮ್ಮ ಸಾಲಿನಲ್ಲಿ ಮನೆಗೂ ಮನೆಗೂ ನಡುವೆ ಇರುವುದು ಕೈಚಾಚುವಷ್ಟು ಜಾಗ. ಅವರ ಚಟ್ನಿಗೆ ಬೆಳ್ಳುಳ್ಳಿ ಬಿತ್ತೋ ಇಲ್ಲವೋ ನಮಗೆ ಗೊತ್ತಾಗುತ್ತದೆ. ಇವತ್ತು ಬೆಳಿಗ್ಗೆ ಕಿಟಕಿಗೆ ಕೈಹಾಕಿದಾಗ ಯಾಕೋ ಗೌರಮ್ಮ ನೆನಪಾದರು.

ಗೌರಮ್ಮನ ಮನೆ ಗೋವಿಂದರಾಜನಗರದಲ್ಲಿ. ಕೆಲವು ವರ್ಷಗಳ ಹಿಂದೆ ಅವರ ಬೀದಿಯ ಪಕ್ಕದಲ್ಲೇ ಮೇಲ್ಸೇತುವೆಯೊಂದರ ಪ್ರಸ್ತಾವ ಬಂದಿತ್ತು. ಕಟ್ಟುವ ಮೊದಲು, ಅದರಿಂದ ಸುತ್ತಲಿನ ಗಾಳಿಗೆ, ಮರಗಳಿಗೆ, ಜನರ ನೆಮ್ಮದಿಗೆ ಏನಾದೀತು ಎಂದು ಅಂದಾಜು ಮಾಡಿ ಪರಿಸರ ವರದಿ ಬರೆಯಬೇಕು. ಅದಕ್ಕೆಂದು ಸದ್ದು ಅಳೆಯುವ ಯಂತ್ರವನ್ನು ಗೌರಮ್ಮನ ತಾರಸಿಯ ಮೇಲೆ ಒಂದು ದಿನ ಇಟ್ಟಿದ್ದರು.

ವರದಿಯ ಬಗ್ಗೆ ಜನರ ಅಹವಾಲು ಕೇಳುವ ಸಭೆ ಕಲ್ಯಾಣ ಮಂಟಪದಲ್ಲಿ ನಡೆಯಿತು. ಪತ್ರಿಕೆಯ ಪರವಾಗಿ ಹೋಗಿದ್ದ ನಾನು, ವೃತ್ತಿಯ ಅನುಭವವನ್ನೆಲ್ಲ ಬಳಸಿ, ಫ್ಯಾನಿನ ಕೆಳಗೆ ಕುರ್ಚಿ ಹಿಡಿದಿದ್ದೆ.

ಗೌರಮ್ಮ ಎದ್ದು ನಿಂತರು. "ನಮ್ ಬೀದಿಗೆ ಮಾತ್ರ ಸದ್ದು ತಡೆಯೋ ಗೋಡೆ ಯಾಕಿಲ್ಲ ಸಾರ್? ಮೇಲಿನ ಮನೇಲಿ ನರ್ಸಮ್ಮ ಬಾಡಿಗೆಗಿದಾಳೆ. ರಾತ್ರಿಯೆಲ್ಲ ಆಸ್ಪತ್ರೇಲಿ ದುಡಿದು ಹಗಲು ಮಲಗ್ತಾಳೆ. ಕಿಟಕಿ ಪಕ್ಕಾನೇ ಲಾರಿ ಓಡಿದ್ರೆ ಅವಳು ಎಲ್ಲಿ ಹೋಗ್ಬೇಕು?"

ವರದಿ ಬರೆದ ಯುವಕ ವಿನಯದಿಂದಲೇ ಹೇಳಿದ: "ನಿಮ್ ಬೀದಿ ತುಂಬಾ ಸೈಲೆಂಟ್ ಆಂಟಿ. ಅದ್ರ ಮೇಲೆ ಸೇತುವೆ ಸದ್ದು ಸೇರಿಸಿದ್ರೂ ಲಿಮಿಟ್ ದಾಟಲ್ಲ. ದಾಟೋ ಕಡೆ ಮಾತ್ರ ಗೋಡೆ."

"ಸೈಲೆಂಟಾ? ಅವತ್ತು ನಿಮ್ ಮಿಷನ್ ಮನೇಲಿತ್ತಲ್ಲಪ್ಪಾ. ಗಲಾಟೆಗೆ ಅದೆಲ್ಲಿ ಕೆಟ್ಟೋಗುತ್ತೋ ಅಂತ ನಾನು ಮಿಕ್ಸಿನೇ ಹಾಕ್ಲಿಲ್ಲ, ಒರಳಲ್ಲಿ ರುಬ್ಬಿದೆ. ಕುಕ್ಕರ್ ಇಡ್ಲಿಲ್ಲ. ತರಕಾರಿ ಗಾಡಿಯೋನಿಗೂ ಮೈಕ್ ಆಫ್ ಮಾಡ್ಸಿ ಕಳಿಸ್ದೆ. ಬೀದಿಯೋರಿಗೆಲ್ಲ ನಾನೇ ಹೇಳ್ಬಂದಿದ್ದೆ."

ಸಭೆ ನಕ್ಕಿತು. ಗೌರಮ್ಮನ ಪಕ್ಕದಲ್ಲಿ ಕೂತಿದ್ದ ಆ ನರ್ಸ್ ರೇಣುಕಾ, ವಿಜಯಪುರದ ಕಡೆಯವಳು, ಕೂತಲ್ಲಿಂದಲೇ ಹೇಳಿದಳು: "ಖರೇರಿ ಸರ. ಆವತ್ತ ಎಷ್ಟ ಚಂದ ನಿದ್ದಿ ಬಂತಂದ್ರ, ಡ್ಯೂಟಿಗಿ ತಡಾನ ಆತು."

ನಗು ಇನ್ನೊಂದು ಸುತ್ತು ಎದ್ದಿತು. ನಗದಿದ್ದವರು ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಒಬ್ಬರೇ. ಮಾತನ್ನು ದಾಖಲಿಸಿಕೊಳ್ಳಿ, ಮತ್ತೆ ಅಳೆಯಿರಿ ಎಂದರು.

ಮನೆಗೆ ನೆಂಟರು ಬಂದರೆ ಟಿವಿ ಸದ್ದು ತಗ್ಗಿಸುವವರು ನಾವು. ಗೌರಮ್ಮ ಯಂತ್ರವನ್ನೂ ನೆಂಟರ ಲೆಕ್ಕಕ್ಕೆ ಸೇರಿಸಿದ್ದರು. ಆ ಮರ್ಯಾದೆಯೇ ಗೋಡೆ ಬೇಡವೆನ್ನಲು ಕಾರಣವಾಗುತ್ತದೆಂದು ಯಾರಿಗೆ ಹೊಳೆದೀತು?

ಎರಡನೆಯ ಬಾರಿ ಯಂತ್ರ ಬಂದಾಗ ನಾನೂ ಹೋಗಿದ್ದೆ. ಗೌರಮ್ಮ ಮಿಕ್ಸಿ ತಿರುಗಿಸಿದರು; ತಿರುಗಿಸಿದಾಗಲೆಲ್ಲ ತಾರಸಿಯತ್ತ ಒಮ್ಮೆ ಸಂಕೋಚದಿಂದ ನೋಡಿದರು. "ಏನೋ ಒಂಥರಾ ಆಗುತ್ತೆ ಸಾರ್," ಎಂದರು. ಬೀದಿ ಎಂದಿನಂತೆ ಕೂಗಾಡಿತು. ಅಂತಿಮ ವರದಿಯಲ್ಲಿ ಅವರ ಬೀದಿಯುದ್ದಕ್ಕೂ ಗೋಡೆ ಸೇರಿತು. ಸೇತುವೆ ಇನ್ನೂ ಕಾಗದದ ಮೇಲೆಯೇ ಇದೆ. ರೇಣುಕಾ ಅದೇ ಮನೆಯಲ್ಲಿದ್ದಾಳೆ.

ಈಗ ನನ್ನ ಮೇಜಿನ ಮೇಲೆ ಕೆಂಗೇರಿಯ ಕಡೆಯ ಬೇರೊಂದು ಯೋಜನೆಯ ವರದಿ ಇದೆ. 'ಪ್ರಶಾಂತ ವಸತಿ ಪ್ರದೇಶ' ಎಂದು ಬರೆದಿದ್ದಾರೆ. ಪಕ್ಕದ ಮನೆಯ ಮಿಕ್ಸಿ ಮತ್ತೆ ಶುರುವಾಯಿತು. ಈ ಸಲ ಕಿಟಕಿ ಮುಚ್ಚದೆ ಹಾಗೇ ಬಿಟ್ಟು ವರದಿ ಬರೆದವರಿಗೆ ಫೋನ್ ಮಾಡಿದೆ. ಸದ್ದಿನ ನಡುವೆ ಎರಡು ಸಲ ಕೇಳಬೇಕಾಯಿತು: "ಯಂತ್ರ ಇಟ್ಟಿದ್ದು ಯಾರ ಮನೇಲಿ? ಅವತ್ತು ಅವರು ಅಡುಗೆ ಹೇಗೆ ಮಾಡಿದ್ರು?"