ಡ್ಯಾನಿಯ ಕ್ಯಾನು

ಬಹರೇನಿನ ಹೂರಾ ಬಡಾವಣೆಯ ಹೋಟೆಲೊಂದರ ಬಾರಿನಲ್ಲಿ ಬ್ಯಾಪ್ಟಿಸ್ಟ್ ಹತ್ತೊಂಬತ್ತು ವರ್ಷ ದುಡಿದ. ಉಡುಪಿ ಕಡೆಯ ಈ ಮನುಷ್ಯನಿಗೆ ಮಾತು ಕಮ್ಮಿ, ಕೈ ಮಾತ್ರ ಬಲು ಚುರುಕು. ಮುಚ್ಚಿದ ಕ್ಯಾನು ಯಾರ ಕೈಗೂ ಕೊಡಕೂಡದು, ಕೊಟ್ಟರೆ ಜೇಬಿನಲ್ಲಿ ಹೊರಗೆ ಹೋಗುತ್ತದೆ ಎಂಬುದು ಹೋಟೆಲಿನ ಕಟ್ಟಪ್ಪಣೆ. ಹಾಗಾಗಿ ಬಿಯರಿನ ಕ್ಯಾನು ಕೈಗೆ ಬಂದರೆ ಸಾಕು, ಅವನ ಬೆರಳು ತಾನಾಗಿಯೇ ಅದರ ಮುಚ್ಚಳದ ಕಿವಿ ಎಳೆದು ತೆರೆದುಬಿಡುತ್ತಿತ್ತು.

2003ರಲ್ಲಿ ಇರಾಕಿನ ಯುದ್ಧ ಶುರುವಾಯಿತು. ಮೀನಾ ಸಲ್ಮಾನ್ ಬಂದರಿಗೆ ಹಡಗು ಬಂದಾಗಲೆಲ್ಲ ಅಮೆರಿಕದ ನಾವಿಕರು ಬಾರು ತುಂಬುತ್ತಿದ್ದರು. ಹಡಗಿನಲ್ಲಿ ಅವರಿಗೆ ಕುಡಿತವಿಲ್ಲ. ನಲವತ್ತೈದು ದಿನ ದಡ ಕಾಣದೆ ಕಳೆದರೆ ಮಾತ್ರ ತಲೆಗೆರಡು ಕ್ಯಾನು. ಅಜ್ಜಂದಿರ ಕಾಲದ ಮಹಾಯುದ್ಧದಲ್ಲಿ ಕ್ಯಾನು ಬಿಸಿಲಿಗೆ ಮಿಂಚಿ ಶತ್ರುವಿನ ಕಣ್ಣಿಗೆ ಬೀಳದಿರಲೆಂದು ಅದಕ್ಕೂ ಹಸಿರು ಬಳಿಯುತ್ತಿದ್ದರಂತೆ. ಇದನ್ನೆಲ್ಲ ಬ್ಯಾಪ್ಟಿಸ್ಟನಿಗೆ ಹೇಳಿದವನು ಡ್ಯಾನಿ ಎಂಬ ಇಪ್ಪತ್ತೆರಡರ ನಾವಿಕ. ಕೊನೆಯ ಸಲ ಹೊರಡುವಾಗ ಅವನು ಬಾರಿನಲ್ಲಿ ಒಂದು ಕ್ಯಾನು ಕೊಂಡು, ಅದರ ಮೇಲೆ ತನ್ನ ಹೆಸರು ಬರೆದು, "ಇದು ನನ್ನ ಅಪ್ಪನಿಗೆ. ಊರಿಗೆ ಹೋಗುವಾಗ ಒಯ್ಯುತ್ತೇನೆ, ಜೋಪಾನ" ಎಂದ. ಬ್ಯಾಪ್ಟಿಸ್ಟ್ ಅಪ್ಪಣೆ ಮೀರಿ ಅದನ್ನು ಫ್ರಿಜ್ಜಿನ ಹಿಂಬದಿಯಲ್ಲಿ ಇಟ್ಟುಕೊಂಡ.

ಜೂನಿನ ಒಂದು ಮಧ್ಯಾಹ್ನ ಡ್ಯಾನಿಯ ಗೆಳೆಯ ಒಬ್ಬನೇ ಬಂದ. ಡ್ಯಾನಿ ಕಡಲಿಗೆ ಬಿದ್ದ, ಹೆಣವೂ ಸಿಗಲಿಲ್ಲ ಎಂದ. "ನಾಳೆ ಊರಿಗೆ ಹೊರಟಿದ್ದೇನೆ. ಆ ಕ್ಯಾನನ್ನು ಅವನ ಅಪ್ಪನ ಕೈಗೆ ಇದ್ದ ಹಾಗೆಯೇ ಕೊಡಬೇಕು."

ಬ್ಯಾಪ್ಟಿಸ್ಟನ ಕಣ್ಣು ಮಂಜಾಯಿತು. ಕ್ಯಾನು ತೆಗೆದ, ಒರೆಸಿದ, ಕೌಂಟರಿನ ಮೇಲಿಟ್ಟ. ಇಡುವಷ್ಟರಲ್ಲಿ ಬೆರಳು ಕಿವಿ ಎಳೆದಾಗಿತ್ತು. ನೊರೆ ಉಕ್ಕಿ ಹೆಸರಿನ ಮೇಲೆ ಇಳಿಯಿತು.

ಗೆಳೆಯ ಬಿಯರನ್ನು ಸಿಂಕಿಗೆ ಸುರಿದು, ಖಾಲಿ ಕ್ಯಾನನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ.

ಅಂದಿನಿಂದ ಬ್ಯಾಪ್ಟಿಸ್ಟ್ ಒಂದು ಕ್ಯಾನನ್ನೂ ತೆರೆಯಲಿಲ್ಲ. ಮುಚ್ಚಿದ್ದನ್ನೇ ಗಿರಾಕಿಯ ಮುಂದಿಡುತ್ತಿದ್ದ. ಮ್ಯಾನೇಜರ್ ಲಕ್ಷ್ಮೀಪತಿ ಎರಡು ಸಲ ಎಚ್ಚರಿಸಿದ, ಮೂರನೆಯ ಸಲ ಕರೆದು ಕೂರಿಸಿದ.

"ಎಂತ ಮಾರಾಯ, ಒಂದು ಕ್ಯಾನಿಗೋಸ್ಕರ ಇಷ್ಟು ವರ್ಷದ ಕೆಲ್ಸ ಬಿಡುದಾ?"

"ನನ್ನಿಂದ ಆಗುದಿಲ್ಲ ಸಾರ್. ಲಾಂಡ್ರಿಗೆ ಹಾಕಿ."

ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತ ಮತ್ತೆ ಏಳು ವರ್ಷ ಕಳೆದ. ಹೆಂಡತಿ ಐವಿ ಒಮ್ಮೆ ಸಮಾಧಾನ ಹೇಳಿದಳು: "ಮಗ ಬರ್ದ ಹೆಸ್ರಾದ್ರೂ ಆ ಅಪ್ಪನಿಗೆ ಸಿಕ್ಕಿತಲ್ಲ ಮಾರಾಯ್ರೆ."

"ಹೆಸ್ರು ಸಿಕ್ಕಿತು ಐವಿ," ಎಂದ ಬ್ಯಾಪ್ಟಿಸ್ಟ್. "ಆದ್ರೆ ಅದನ್ನು ತೆರೀಬೇಕಾದವ ಆ ಅಪ್ಪ."