ಚೀಫ್ ಈಶ್ವರಪ್ಪನ ಕೆಂಪು ಪಾಲಿಯೋ

ಯಾರಾದರೂ ಹೊಸ ಕಾರು ಕೊಂಡೆ ಎಂದು ಸಿಹಿ ತಂದುಕೊಟ್ಟರೆ ಈಶ್ವರಪ್ಪ ಸಿಹಿ ತಿಂದು, ಕಾರನ್ನು ಬಯ್ದು ಕಳಿಸುತ್ತಿದ್ದ. "ಅದೇನು ಕಾರೇನಯ್ಯಾ? ಚಕ್ರ ಹಚ್ಚಿದ ಮೊಬೈಲು!" ಅವನಿಗೆ ಬೇಕಾದದ್ದು ಊರೆಲ್ಲ ಬೇಡವೆಂದ ಕಾರು. ತನ್ನ ಕಾಲದಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಓಡಿ, ಈಗ ಯಾರದೋ ಶೆಡ್ಡಿನಲ್ಲಿ ಕೋಳಿಗಳಿಗೆ ಗೂಡಾಗಿರುವಂಥದ್ದು. ಅದನ್ನು ಅಗ್ಗಕ್ಕೆ ತಂದು, ಎಂಜಿನ್ ಬಿಚ್ಚಿ ಜೋಡಿಸಿ, ಮತ್ತೆ ಓಡುವ ಹಾಗೆ ಮಾಡುವುದರಲ್ಲಿ ಅವನಿಗೆ ಸಿಗುತ್ತಿದ್ದ ಸುಖ ಹೆಂಡತಿ ಇಂದಿರಮ್ಮನಿಗೆ ಒಂದು ದಿನವೂ ಅರ್ಥವಾಗಲಿಲ್ಲ.

ಹಿರಿಯೂರು ಕಡೆಯವನು. ಮೀಸೆ ಸರಿಯಾಗಿ ಮೂಡುವ ಮುಂಚೆಯೇ ನೌಕಾಪಡೆ ಸೇರಿ, ಹಡಗಿನ ಎಂಜಿನ್ ರೂಮಿನಲ್ಲೇ ಆಯುಷ್ಯ ಸವೆಸಿ, ಚೀಫ್ ಎಂಬ ಹುದ್ದೆಗೆ ಏರಿದವನು. ನೌಕಾಪಡೆಯ ನೆಲೆಯಿದ್ದ ವಿಶಾಖಪಟ್ಟಣದಲ್ಲೇ ಗಾಜುವಾಕದ ಕಡೆ ಮನೆ ಕಟ್ಟಿಕೊಂಡಿದ್ದ. ಎಂಜಿನ್ನುಗಳ ಗದ್ದಲ ಅವನ ಕಿವಿಯನ್ನು ಅಷ್ಟಷ್ಟೇ ತಿಂದುಹಾಕಿತ್ತು. ಅದನ್ನು ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ತಪ್ಪು ಯಾರದ್ದಾದರೂ ಇರಬಹುದು, ಈಶ್ವರಪ್ಪನ ಕೈಕೆಲಸದ್ದು ಮಾತ್ರ ಅಲ್ಲ ಎಂಬುದು ಆ ಮನೆಯ ಅಲಿಖಿತ ಕಾನೂನು. ಮಗಳು ಬಿಂದು ಸಹ ಅದರ ಕೆಳಗೇ ಬೆಳೆದವಳು. ಅವಳು ಅವನನ್ನು ಕರೆಯುತ್ತಿದ್ದದ್ದು 'ಅಪ್ಪಾ' ಎಂದಲ್ಲ, ಬೀದಿಯ ಮಕ್ಕಳಿಂದ ಕಲಿತ ತೆಲುಗಿನಲ್ಲಿ 'ನಾನ್ನಾ' ಎಂದು.

2014ರಲ್ಲಿ ನಿವೃತ್ತಿ ಹತ್ತಿರವಾಗಿದ್ದಾಗ ಕೆಂಪು ಪಾಲಿಯೋ ಕಾರು ಸಿಕ್ಕಿತು. ವರ್ಗವಾಗಿ ಹೊರಟ ಅಧಿಕಾರಿಯೊಬ್ಬರು ಕೊಳ್ಳುವವರಿಲ್ಲದೆ ಬಿಟ್ಟುಹೋಗುತ್ತಿದ್ದ ಗಾಡಿ. ಪುಟ್ಟ ಮೈ, ಒಳಗೆ ದೊಡ್ಡ ಎಂಜಿನ್. ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತಿತ್ತು, ಅದಕ್ಕೇ ಯಾರಿಗೂ ಬೇಡ. ಆದರೆ ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಮೊದಲ ದಿನ ಮನೆಗೆ ತಂದಾಗ ಅವನ ಕಣ್ಣಲ್ಲಿದ್ದ ಹೊಳಪನ್ನು ನೋಡಿ ಇಂದಿರಮ್ಮ, "ನನ್ನ ನೋಡೋಕೆ ಬಂದಾಗಲೂ ಹಿಂಗೆ ನಗಲಿಲ್ಲ ನೀವು" ಎಂದಳು.

ಅದೇ ಅಕ್ಟೋಬರಿನಲ್ಲಿ ಹುದ್‌ಹುದ್ ಬಂತು. ಆ ಚಂಡಮಾರುತ ಊರಿನ ಮರಗಳನ್ನೆಲ್ಲ ಬುಡಮೇಲು ಮಾಡಿತು. ಮನೆಯ ಮುಂದಿನ ಮರದ ಕೊಂಬೆ ಪಾಲಿಯೋದ ಗಾಜು ಒಡೆದು ಒಳಗೆ ಕೂತಿತು. ಕಡಲಿನ ಉಪ್ಪು ಬೆರೆತ ಮಳೆ ಇಡೀ ದಿನ ಕಾರಿನೊಳಗೆ ಸುರಿಯಿತು. ಗಾಳಿ ನಿಂತ ಮೇಲೆ ಬೀದಿಯವರೆಲ್ಲ ಹಾಲಿಗೂ ಕುಡಿಯುವ ನೀರಿಗೂ ಅಲೆಯುತ್ತಿದ್ದರೆ ಈಶ್ವರಪ್ಪ ಕಾರಿನ ಪಕ್ಕ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ಹಾಲಿನ ಸಾಲಿನಲ್ಲಿ ನಿಂತವಳು ಇಂದಿರಮ್ಮ.

ಕರೆಂಟು ಬಂದ ಕೂಡಲೇ ಕೆಲಸ ಹಿಡಿದ. ಸೀಟು, ಮ್ಯಾಟು ಎಲ್ಲ ಕಿತ್ತು ಒಣಗಿಸಿದ. ತಳವನ್ನು ಕೆರೆದ. ಹಾಗೆ ಕೆರೆಯುವಾಗ ಅವನ ಕಣ್ಣಿಗೆ ಬಿದ್ದವು ಕೆಲವು ಸಣ್ಣ ತೂತುಗಳು. ಕಾರಿನ ಬಾಗಿಲುಗಳ ಕೆಳಗೆ ಉದ್ದಕ್ಕೂ ಒಂದು ಟೊಳ್ಳು ತಗಡಿನ ತೊಲೆ ಇರುತ್ತದೆ. ಇಡೀ ಕಾರಿನ ಬಲ ಇರುವುದೇ ಅದರಲ್ಲಿ. ತೂತುಗಳು ಅದರ ಅಡಿಯಲ್ಲಿದ್ದವು. ಒಳಗೆ ಸೇರಿದ ನೀರು ಸೋರಿ ಹೋಗಲಿ, ಗಾಳಿಯಾಡಲಿ ಎಂದು ಕಂಪನಿಯವರು ಬೇಕೆಂದೇ ಬಿಟ್ಟವು. ಕಾರಿನ ಕೆಲಸ ಕಲಿತ ಯಾವನೂ ಅವನ್ನು ಮುಟ್ಟುತ್ತಿರಲಿಲ್ಲ.

ಆದರೆ ಈಶ್ವರಪ್ಪ ಕಲಿತದ್ದು ಹಡಗಿನ ಕೆಲಸ. ಹಡಗಿನ ತಳದಲ್ಲಿ ತೂತು ಕಂಡರೆ ಮುಚ್ಚಬೇಕು, ಕೇಳುವುದು ಹೇಳುವುದು ಆಮೇಲೆ. ಅವನು ಒಂದೊಂದನ್ನೂ ಹುಡುಕಿ ಪುಟ್ಟಿ ಮೆತ್ತಿದ. ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್, ಅದರ ಮೇಲೆ ಡಾಂಬರಿನಂಥ ಕರಿ ಬಣ್ಣ, ಪದರದ ಮೇಲೆ ಪದರ ಬಳಿದ. "ಇನ್ನು ಇದನ್ನ ಸಮುದ್ರಕ್ಕೆ ಬಿಟ್ರೂ ತೇಲ್ತೈತೆ ಕಣೇ" ಎಂದ. ತೂತುಗಳಿಗೆ ಮೊದಲೇ ಕೆಸರು ಕಟ್ಟಿಕೊಂಡಿದ್ದರಿಂದ ತೊಲೆಯ ಒಳಗೆ ಹುದ್‌ಹುದ್‌ನ ಉಪ್ಪುನೀರು ಸೋರದೆ ಇನ್ನೂ ನಿಂತೇ ಇತ್ತು. ಅವನು ಅದನ್ನು ಒಳಗಿಟ್ಟೇ ಬಾಗಿಲು ಹಾಕಿದ್ದ.

ಹೊರಗಿನಿಂದ ಕಾರು ಮದುವೆ ಹೆಣ್ಣಿನ ಹಾಗೆ ಹೊಳೆಯಿತು. ಭಾನುವಾರ ಬೆಳಿಗ್ಗೆ ಹಳೆ ಕಾರುಗಳ ಹುಚ್ಚಿನವರು ಕಡಲ ದಂಡೆಯ ರಸ್ತೆಯಲ್ಲಿ ಭೀಮಿಲಿಯವರೆಗೆ ಹೋಗಿ, ಇಡ್ಲಿ ತಿಂದು ಬರುವ ಪದ್ಧತಿ ಇತ್ತು. ಪಾಲಿಯೋ ಬಂತೆಂದರೆ ಎಲ್ಲರೂ ಬಗ್ಗಿ ತಳ ನೋಡುವವರೇ. ಅವರಲ್ಲಿ ಒಬ್ಬ ಮಣಿಕಂಠ. ವಿಜಯವಾಡದ ಪಟಮಟದವನು, ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ತೆಲುಗು ಮನೆತನವಾದರೂ ಅಜ್ಜಿ ಬಳ್ಳಾರಿಯವಳು, ಹಾಗಾಗಿ ಮನೆಯಲ್ಲಿ ಕನ್ನಡದ ನೆರಳಿತ್ತು. ಹುಡುಗ ಮೊದಲು ಮೆಚ್ಚಿದ್ದು ಕಾರನ್ನು. ಕಾರು ನೋಡಲು ಮನೆಗೆ ಬಂದು ಬಂದು ಬಿಂದುವನ್ನೂ ಮೆಚ್ಚಿದ.

ಆ ಹೊತ್ತಿಗೇ ಇಂದಿರಮ್ಮನಿಗೆ ಸದ್ದು ಕೇಳತೊಡಗಿತ್ತು. ಕಾರು ತಿರುವಿನಲ್ಲಿ ವಾಲಿದಾಗ, ಬ್ರೇಕು ಹಾಕಿದಾಗ ಕಾಲಡಿಯಲ್ಲಿ ಗುಳುಗುಳು ಎನ್ನುತ್ತಿತ್ತು.

"ರೀ, ಎಲ್ಲೋ ನೀರು ಕುಲುಕ್ತೈತೆ."

"ಪೆಟ್ರೋಲ್ ಟ್ಯಾಂಕ್ ಕಣೇ ಅದು."

"ಟ್ಯಾಂಕ್ ಹಿಂದೆ ಐತೆ ಅಂತ ನೀವೇ ಹೇಳಿದ್ರಿ. ಇದು ನನ್ನ ಕಾಲ ಕೆಳಗೆ."

ಅವನು ಕಿವಿಗೊಟ್ಟು ಆಲಿಸಿದ. ಏನೂ ಕೇಳಲಿಲ್ಲ. "ಹಡಗಿನ ಎಂಜಿನ್ ಸದ್ದಲ್ಲೇ ಯಾವ ಬೇರಿಂಗ್ ಹೋಗೈತೆ ಅಂತ ಹೇಳ್ತಿದ್ದೋನು ನಾನು. ನೀನು ನನಗೆ ಸದ್ದಿನ ಪಾಠ ಹೇಳ್ತೀಯಾ?" ಎಂದು ನಕ್ಕುಬಿಟ್ಟ. ಬಿಂದುವಿಗೂ ಆ ಸದ್ದು ಕೇಳುತ್ತಿತ್ತು. ಅಪ್ಪನ ಮುಖ ಸಣ್ಣದಾಗುವುದನ್ನು ನೋಡಲಾರದೆ ಅವಳು ಹಾಡಿನ ವಾಲ್ಯೂಮ್ ಏರಿಸಿದಳು.

2017ರಲ್ಲಿ ಮದುವೆಯಾಯಿತು. ಮಣಿಕಂಠ ಪಟಮಟಕ್ಕೇ ಕೆಲಸ ಬದಲಿಸಿಕೊಂಡು ಹೊರಟಾಗ ಈಶ್ವರಪ್ಪ ಪಾಲಿಯೋದ ಬೀಗದ ಕೈ ಅವನ ಅಂಗೈಯಲ್ಲಿಟ್ಟ. ಮಾವನ ಪಾಲಿಗೆ ಅದು ಎರಡನೇ ಮಗಳನ್ನು ಕಳಿಸಿಕೊಟ್ಟ ಹಾಗೆ. ವಿಜಯವಾಡದ ದುರ್ಗಮ್ಮನ ಬೆಟ್ಟ ಇಂದ್ರಕೀಲಾದ್ರಿಯ ಬುಡದಲ್ಲಿ ಕಾರಿಗೆ ಪೂಜೆ ಮಾಡಿಸಿದರು. ಬಾನೆಟ್ಟಿಗೆ ಅರಿಶಿನ ಕುಂಕುಮ, ಚಕ್ರದಡಿ ನಿಂಬೆಹಣ್ಣು. ಹಣ್ಣುಗಳ ಮೇಲೆ ಕಾರು ಹರಿದಾಗ ಎಲ್ಲರೂ ಕೈಮುಗಿದರು. ಇಂದಿರಮ್ಮ ಮಾತ್ರ ತಲೆ ವಾಲಿಸಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದಳು.

ಒಂದು ವರ್ಷ ಕಳೆಯುವುದರೊಳಗೆ ಬಿಂದು ಫೋನಿನಲ್ಲಿ ಸುದ್ದಿ ಹೇಳಿದಳು. "ಅಮ್ಮಾ, ಆ ಸದ್ದು ನಿಂತೋಯ್ತು." ಈಶ್ವರಪ್ಪ ಗೆದ್ದವನ ಹಾಗೆ ಹೆಂಡತಿಯ ಮುಖ ನೋಡಿದ. ಅವಳಿಗೂ ಮನಸ್ಸು ಹಗುರಾಯಿತು. ಆದರೆ ಬೀಗಿತ್ತಿ ಸೀತಾಮಹಾಲಕ್ಷ್ಮಿಯವರು ಆಮೇಲೊಮ್ಮೆ ಮಾತಿನ ನಡುವೆ, ತೆಲುಗಿನಲ್ಲಿ ಅತ್ತಿಗೆ ಎಂದು ಕರೆದು, ನಾಜೂಕಾಗಿಯೇ, ಒಂದು ದೂರು ಹೇಳಿದರು. "ವದಿನಗಾರು, ಬೇಜಾರು ಮಾಡ್ಕೋಬೇಡಿ. ನಾನು ದಿನಾ ಮುಗ್ಗು, ರಂಗೋಲಿ ಹಾಕೋ ಜಾಗದಲ್ಲೇ ಕಾರು ನಿಲ್ಲಿಸ್ತಾನೆ ಇವನು. ನೆಲದ ಮೇಲೆ ಕಂದು ಕಲೆ ಬೀಳ್ತಾ ಇದೆ. ಎಷ್ಟು ತಿಕ್ಕಿದರೂ ಹೋಗ್ತಿಲ್ಲ." ಇಂದಿರಮ್ಮ ಅದನ್ನು ಗಂಡನಿಗೆ ಹೇಳಿದಳು. "ಆಯಿಲ್ ಸೋರಿರ್ತೈತೆ, ಹಳೆ ಗಾಡಿ" ಎಂದು ಅವನು ಪೇಪರ್ ಮಗುಚಿದ.

2019ರ ಬೇಸಿಗೆ. ಭಾನುವಾರದ ಗುಂಪಿನ ಅನಿಲ್‌ಕುಮಾರ್ ಎಂಬ ಬ್ಯಾಂಕಿನವನು ಇನ್ನೊಂದು ಪಾಲಿಯೋವನ್ನು ಈಶ್ವರಪ್ಪನ ಅಂಗಳಕ್ಕೆ ಎಳೆಸಿಕೊಂಡು ಬಂದ. ಕಡಲ ಹತ್ತಿರದ ಶೆಡ್ಡಿನಲ್ಲಿ ವರ್ಷಗಟ್ಟಲೆ ಅನಾಥವಾಗಿ ಬಿದ್ದಿದ್ದ ಗಾಡಿ. ಅದೇ ಚಂಡಮಾರುತ ಇದರ ಮೇಲೂ ಹಾದುಹೋಗಿತ್ತು. ಬಣ್ಣ ಸುಲಿದಿತ್ತು, ಸೀಟುಗಳಲ್ಲಿ ಇಲಿ ಸಂಸಾರ ಹೂಡಿತ್ತು. "ತಳ ಪೂರ್ತಿ ಹೋಗಿರ್ತೈತೆ, ಆಸೆ ಬಿಡು" ಎನ್ನುತ್ತ ಈಶ್ವರಪ್ಪ ಸುತ್ತಿಗೆ ಹಿಡಿದು ಕೆಳಗೆ ನುಸುಳಿದ. ಬಾಗಿಲ ಕೆಳಗಿನ ತೊಲೆಗೆ ತಟ್ಟಿದ. ಕೈಗೆ ಗಟ್ಟಿ ಪೆಟ್ಟು ಮರಳಿತು. ಇನ್ನೊಂದು ಕಡೆ ತಟ್ಟಿದ. ಅಲ್ಲೂ ಗಟ್ಟಿ. ತೊಲೆಯ ಅಡಿಯಲ್ಲಿ ಆ ಸಣ್ಣ ತೂತುಗಳು ತೆರೆದೇ ಇದ್ದವು, ಒಣಗಿದ್ದವು. ಬೆರಳಿಟ್ಟರೆ ಮರಳಿನ ಹುಡಿ ಉದುರಿತು, ಅಷ್ಟೇ.

ಯಾರೂ ಕೈ ಹಚ್ಚದ ಕಾರು ಹೀಗೆ ಉಳಿದಿತ್ತು. ಅವನು ಕಾರಿನಡಿ ಅಂಗಾತ ಮಲಗಿಯೇ ಇದ್ದ. ಕುಲುಕಿದ ನೀರು, ನಿಂತುಹೋದ ಸದ್ದು, ಪಟಮಟದ ನೆಲದ ಕಂದು ಕಲೆ, ಎಲ್ಲ ಒಂದರ ಹಿಂದೆ ಒಂದು ಬಂದು ಎದೆಯ ಮೇಲೆ ಕೂತವು. ಒಳಗೆ ಕೂಡಿಟ್ಟ ಉಪ್ಪುನೀರು ತಗಡನ್ನು ತಿಂದು ತಿಂದು ಕೊನೆಗೆ ತಾನೇ ದಾರಿ ಮಾಡಿಕೊಂಡು ಹೊರಗೆ ಹೋಗಿತ್ತು. ಈಗ ಅಲ್ಲಿ ಉಳಿದಿರುವುದು ಅವನು ಬಳಿದ ಬಣ್ಣ. ಮಗಳು ಅಳಿಯ ದಿನಾ ಕೂತು ಓಡಾಡುತ್ತಿರುವುದು ಆ ಬಣ್ಣದ ಮೇಲೆ.

ಅನಿಲ್‌ಕುಮಾರ್ ಹೋದ ಮೇಲೆ ಹೆಂಡತಿಗೆ ಹೇಳಿದ. ಅವಳು ಬಯ್ಯಲಿಲ್ಲ. ಫೋನನ್ನು ತಂದು ಅವನ ಕೈಗೆ ಕೊಟ್ಟಳು.

"ಮಣೀ, ಕಾರಿಗೆ ಒಂಚೂರು ಕೆಲಸ ಐತಪ್ಪ" ಎಂದ ಈಶ್ವರಪ್ಪ. "ಭಾನುವಾರ ನಾನೇ ಬರ್ತೀನಿ. ಅಲ್ಲೀವರೆಗೂ ಜಾಸ್ತಿ ಓಡಿಸಬೇಡ."

"ಏನು ಕೆಲಸ ಮಾವಯ್ಯಾ? ಗಾಡಿ ಬಂಗಾರದ ಹಾಗೆ ಇದೆ."

ಹೇಳಬೇಕಾದದ್ದು ಎರಡೇ ಮಾತು. ನಾನು ತಪ್ಪು ಮಾಡಿದೆ, ಅದರಲ್ಲಿ ಕೂರಬೇಡಿ. ಇಷ್ಟೇ. ಆದರೆ ಭೀಮಿಲಿಯ ರಸ್ತೆಯಲ್ಲಿ ತನ್ನ ಕಾರಿನಡಿ ಬಗ್ಗಿ ನೋಡಿ ಕಣ್ಣರಳಿಸಿದ ಹುಡುಗನಿಗೆ ಅದನ್ನು ಹೇಳಲು ನಾಲಿಗೆ ಹೊರಳಲಿಲ್ಲ. "ಏನಿಲ್ಲ, ಸಣ್ಣದು. ನಾನು ಬಂದು ನೋಡ್ತೀನಿ" ಎಂದ.

"ಅಲಾಗೇ ಮಾವಯ್ಯಾ" ಎಂದು ನಗುತ್ತ ಒಪ್ಪಿಕೊಂಡ ಮಣಿಕಂಠ.

ಫೋನಿಟ್ಟ ಮೇಲೆ ಇಂದಿರಮ್ಮ ಕೇಳಿದಳು. "ಅದೇನ್ರೀ ಸಣ್ಣದು? ನೇರವಾಗಿ ಹೇಳೋಕೇನಾಗಿತ್ತು?"

"ಫೋನಲ್ಲಿ ಹೇಳಿದ್ರೆ ಗಾಬರಿ ಆಗ್ತಾರೆ. ಹೋಗಿ ತೋರಿಸ್ತೀನಲ್ಲ."

ಅವಳು ಮತ್ತೆ ಫೋನು ತೆಗೆದುಕೊಂಡಳು. ಅವನು ಕೈ ಅಡ್ಡ ಹಿಡಿದ. "ನನ್ನ ಮರ್ಯಾದೆ ಕಳೀಬೇಡ ಇಂದ್ರಾ." ಅವಳು ಫೋನನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಆ ವಾರವೆಲ್ಲ ಫೋನು ರಿಂಗಾದಾಗಲೆಲ್ಲ ಇಬ್ಬರೂ ಒಟ್ಟಿಗೆ ಬೆಚ್ಚಿಬೀಳುತ್ತಿದ್ದರು. ಆಗಲೂ ಅವನು ಇನ್ನೊಮ್ಮೆ ಕರೆ ಮಾಡಲಿಲ್ಲ.

ಶನಿವಾರ ಬಿಂದು ಮತ್ತು ಮಣಿಕಂಠ ಮಂಗಳಗಿರಿಗೆ ಹೋದರು. ಮಣಿಕಂಠನ ತಂಗಿ ಸಾಯಿಲಕ್ಷ್ಮಿಯ ಮದುವೆ ಗೊತ್ತಾಗಿತ್ತು, ಸೀರೆಗಳನ್ನು ನೇಕಾರರ ಮನೆಯಿಂದಲೇ ತರಬೇಕೆಂದು ಆಸೆ. ಜಾಸ್ತಿ ಓಡಿಸಬೇಡ ಎಂದಿದ್ದು ಮಣಿಕಂಠನಿಗೆ ನೆನಪಿತ್ತು. ಮಂಗಳಗಿರಿ ಏನು ದೂರ, ಕೃಷ್ಣೆ ದಾಟಿದರೆ ಆಯಿತು. ವಾಪಸ್ಸು ಬರುವಾಗ ತಾಡೇಪಲ್ಲಿಯ ಹತ್ತಿರ ಅಡ್ಡರಸ್ತೆಯಿಂದ ಈರುಳ್ಳಿ ಹೇರಿದ ಸಾಮಾನಿನ ಆಟೋ ಒಂದು ನುಗ್ಗಿ, ಡ್ರೈವರ್ ಕಡೆಯ ಬಾಗಿಲಿಗೆ ಗುದ್ದಿತು. ಅಂಥ ವೇಗವೂ ಇರಲಿಲ್ಲ. ಆಟೋದ ಮುಂದಿನ ಗಾಜು ಸಹ ಒಡೆದಿರಲಿಲ್ಲ.

ಸುದ್ದಿ ಬಂದ ಕೂಡಲೇ ಈಶ್ವರಪ್ಪ ಮತ್ತು ಇಂದಿರಮ್ಮ ಸಿಕ್ಕ ರೈಲು ಹತ್ತಿ ವಿಜಯವಾಡ ತಲುಪಿದರು. ಆಸ್ಪತ್ರೆಗೆ ಹೋಗುವ ಮೊದಲು ಈಶ್ವರಪ್ಪ ಪೊಲೀಸ್ ಠಾಣೆಯ ಆವರಣದಲ್ಲಿ ನಿಲ್ಲಿಸಿದ್ದ ಕಾರನ್ನು ನೋಡಿದ. ಎಂಜಿನ್ ಹಾಗೇ ಇತ್ತು, ಬಾನೆಟ್ ಮಿರಿಮಿರಿ ಮಿಂಚುತ್ತಿತ್ತು. ಬಲಗಡೆಯ ತೊಲೆ ಮಾತ್ರ ಇರಲೇ ಇಲ್ಲ. ಬಾಗಿಲು ಸೀಟಿನವರೆಗೂ ಒಳಗೆ ನುಗ್ಗಿ, ನೆಲ ಮಡಿಚಿಕೊಂಡಿತ್ತು. ಅವನು ಕೈಹಾಕಿ ಹಿಡಿದದ್ದು ಹಪ್ಪಳದ ಹಾಗೆ ಪುಡಿಯಾಯಿತು. ಬೆರಳುಗಳ ನಡುವೆ ಉಳಿದದ್ದು ಅವನದೇ ಬಣ್ಣದ ದಪ್ಪ ಸಿಪ್ಪೆ. ಕಾನ್‌ಸ್ಟೇಬಲ್ ಒಬ್ಬ ಪಕ್ಕ ಬಂದು, ಆಟೋದವನನ್ನು ಒಳಗೆ ಕೂರಿಸಿದ್ದೇವೆ, ಜನ ಚೆನ್ನಾಗಿ ತದುಕಿದ್ದಾರೆ ಎಂದು ಸಮಾಧಾನ ಹೇಳಿದ.

ಆಸ್ಪತ್ರೆಯಲ್ಲಿ ಮಣಿಕಂಠನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ಬಾಗಿಲ ಹೊರಗೆ ಕೂತಿದ್ದ ಸೀತಾಮಹಾಲಕ್ಷ್ಮಿಯವರು ಎದ್ದು ಬಂದು ಈಶ್ವರಪ್ಪನ ಎರಡೂ ಕೈ ಹಿಡಿದುಕೊಂಡು ಅತ್ತರು. "ಅನ್ನಯ್ಯಗಾರು, ನೀವು ಅದನ್ನ ಹಡಗಿನ ಹಾಗೆ ಗಟ್ಟಿ ಮಾಡಿಕೊಟ್ಟಿದ್ರಿ. ಇಲ್ಲದಿದ್ರೆ ಇಬ್ಬರೂ ನಮಗೆ ಸಿಗ್ತಿರಲಿಲ್ಲ." ಸುತ್ತ ನಿಂತ ನೆಂಟರೆಲ್ಲ ಹೌದು ಹೌದೆಂದರು. ಆಟೋದವನಿಗೆ ಶಾಪ ಹಾಕಿದರು, ದುರ್ಗಮ್ಮನಿಗೆ ಕೈಮುಗಿದರು. ಈಶ್ವರಪ್ಪ ಯಾರಿಗೂ ಏನೂ ಹೇಳದಿದ್ದರೆ ಈ ಮಾತೇ ಕೊನೆಯವರೆಗೂ ಉಳಿಯುತ್ತಿತ್ತು. ಇಂದಿರಮ್ಮ ಅವನನ್ನೇ ನೋಡುತ್ತಿದ್ದಳು.

ಬಿಂದು ಒಳಗಿನ ವಾರ್ಡಿನಲ್ಲಿದ್ದಳು. ಭುಜಕ್ಕೆ ಪಟ್ಟಿ, ಹಣೆಯಲ್ಲಿ ಹೊಲಿಗೆ. ಅಪ್ಪನನ್ನು ಕಂಡ ಕೂಡಲೇ ಚಿಕ್ಕ ಮಗುವಿನ ಹಾಗೆ ಕೈ ಚಾಚಿ ಅವನ ಕೈ ಹಿಡಿದಳು.

"ನಾನ್ನಾ, ನಿಮ್ಮ ಕಾರಾಗಿದ್ದಕ್ಕೆ ಉಳ್ಕೊಂಡ್ವಿ. ಎಲ್ಲರೂ ಅದೇ ಹೇಳ್ತಿದಾರೆ."

ಅವನು ಮಂಚದ ಅಂಚಿನಲ್ಲಿ ಕೂತ. ಉಗುರುಗಳ ಸಂದಿಯಲ್ಲಿ ತುಕ್ಕು ಮೆತ್ತಿಕೊಂಡಿತ್ತು.

"ಇಲ್ಲ ಮಗಳೇ" ಎಂದ. "ಬೇರೆ ಯಾವ ಕಾರಾಗಿದ್ರೂ ಮಣಿಯ ಕಾಲು ಉಳೀತಿತ್ತು. ತಳದ ತೂತು ಮುಚ್ಚಿ ಅದನ್ನ ಕೊಳೆಸಿದೋನು ನಾನು. ಹೋದ ವಾರವೇ ಗೊತ್ತಾಗಿತ್ತು ನಂಗೆ. ಹೇಳೋಕೆ ನಾಚಿಕೆಯಾಯ್ತು, ಹೇಳಲಿಲ್ಲ."

ಬಿಂದು ತನ್ನ ಕೈಯನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಹೊದಿಕೆಯ ಒಳಗೆ ಇಟ್ಟುಕೊಂಡಳು.